ಅದೇ ಎತ್ತರ

ನಂಜನಗೂಡಿನ ನಂಜುಂಡೇಶ್ವರನಿಗೆ ‘ಹಕೀಮ್ ನಂಜುಂಡ’ ಅನ್ನೋ ಹೆಸರೂ ಇದೆ, ಗೊತ್ತಲ್ಲ? ಟಿಪ್ಪುವಿನ ಆನೆಯ ಕಣ್ಣು ಹೋಗಿತ್ತಂತೆ, ಇಲ್ಲಿ ಪೂಜೆ ಮಾಡಿಸಿದ ಮೇಲೆ ವಾಸಿಯಾಯಿತಂತೆ, ಸುಲ್ತಾನ ದೇವರನ್ನೇ ಹಕೀಮ ಅಂತ ಕರೆದನಂತೆ. ನಮ್ಮ ಕಡೆ ಮಗುವಿನ ಕೈಯೋ ಕಾಲೋ ಊನವಾದರೆ ಮನೆಯವರು ಹೊರಡೋದು ಅಲ್ಲಿಗೇ. ಕಪಿಲೆಯಲ್ಲಿ ಮುಳುಗು, ಉರುಳುಸೇವೆ, ಹರಕೆ. ತಪ್ಪು ಅಂತಿಲ್ಲ. ಆದರೆ ವಾಸಿಯಾಗದೆ ಉಳಿದ ಮಗು ಮುಂದೇನು ಮಾಡಬೇಕು ಅನ್ನೋದನ್ನ ಹರಕೆ ಹೇಳಲ್ಲ.

ತಿ. ನರಸೀಪುರದಲ್ಲಿ ಓದುವಾಗ ನನ್ನ ಪಕ್ಕ ಕೂರುತ್ತಿದ್ದವನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಬಡಿದಿತ್ತು. ಸ್ಪೋರ್ಟ್ಸ್ ಡೇ ದಿನ ಅವನಿಗೊಂದು ಕಾಯಂ ಕೆಲಸ: ನಮ್ಮ ಬಟ್ಟೆ, ಚಪ್ಪಲಿ ಕಾಯೋದು. ಪಿಟಿ ಮೇಷ್ಟ್ರು ಪ್ರೀತಿಯಿಂದಲೇ ಹೇಳುತ್ತಿದ್ದರು, ‘ನೀನು ನೆರಳಲ್ಲಿ ಕೂತ್ಕೋ ಮಗ.’ ಅದೇ ಹುಡುಗ ಸಂಗಮದ ಹತ್ತಿರ ನೀರಿಗಿಳಿದರೆ ನಮ್ಮಲ್ಲಿ ಒಬ್ಬರಿಗೂ ಸಿಗುತ್ತಿರಲಿಲ್ಲ. ಈಜು ಒಂದು ಸ್ಪರ್ಧೆ, ಅದರಲ್ಲಿ ಇವನಂಥವರಿಗೂ ಜಾಗ ಇದೆ ಅಂತ ಅವನಿಗಾಗಲಿ ನಮಗಾಗಲಿ ಯಾರೂ ಹೇಳಲಿಲ್ಲ.

ಹೇಳೋದಕ್ಕೆ ಇತಿಹಾಸ ಇತ್ತು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿ ಚಿನ್ನ ಗೆದ್ದರು. ಅದೇ ವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ನಮಗೆ ಸಿಕ್ಕಿದ್ದು ಹಾಕಿಯ ಕಂಚು ಒಂದೇ. ಆ ಕಂಚು ನಮ್ಮ ಕ್ವಿಜ್ ಪುಸ್ತಕದಲ್ಲಿತ್ತು, ಪೇಟ್ಕರ್ ಇರಲಿಲ್ಲ. ಅವರಿಗೆ ಪದ್ಮಶ್ರೀ ಬಂದಿದ್ದು 2018ರಲ್ಲಿ. ನಲವತ್ತಾರು ವರ್ಷ! ನಮ್ಮಲ್ಲಿ ಬಹಳ ಜನಕ್ಕೆ ಅವರು ಗೊತ್ತಾಗಿದ್ದು 2024ರ ‘ಚಂದು ಚಾಂಪಿಯನ್’ ಸಿನಿಮಾದಿಂದ.

ಇನ್ನು ನಮ್ಮವರ ಕತೆ. ಹಾಸನ ಜಿಲ್ಲೆಯ ಹೊಸನಗರದ (ಶಿವಮೊಗ್ಗದ್ದಲ್ಲ) ಎಚ್.ಎನ್. ಗಿರೀಶ ಹುಟ್ಟಿನಿಂದಲೇ ಎಡಗಾಲಿನ ಊನ ಇದ್ದವರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಒಂದೇ ಒಂದು ಪದಕ ಅದು. ತಿಂಗಳ ಹಿಂದಷ್ಟೇ ಅದೇ ಲಂಡನ್ನಿನ ಆರು ಒಲಿಂಪಿಕ್ ಪದಕಗಳಿಗೆ ರಾತ್ರಿಯಿಡೀ ಟಿವಿ ಮುಂದೆ ಕೂತಿದ್ದೆವು. ಗಿರೀಶ ಗೆದ್ದಿದ್ದು ನನಗೆ ಗೊತ್ತಾಗಿದ್ದು ಟಿವಿಯ ಅಡಿಯಲ್ಲಿ ಓಡೋ ಸಾಲಿನಿಂದ, ಅದೂ ಈರುಳ್ಳಿ ರೇಟಿನ ಪಕ್ಕದಲ್ಲಿ.

ಚಿನ್ನ ಗೆದ್ದ ಫಿಜಿ ದೇಶದ ಇಲಿಯೆಸಾ ಡೆಲಾನ ಜಿಗಿದಿದ್ದೂ 1.74 ಮೀಟರ್ರೇ. ತಪ್ಪಿದ ಯತ್ನಗಳ ಲೆಕ್ಕದಲ್ಲಿ ಅವರು ಮೇಲೆ, ಇವರು ಕೆಳಗೆ. ಮೂರನೇ ವಯಸ್ಸಿಗೇ ಬಸ್ ಅಪಘಾತದಲ್ಲಿ ಕಾಲು ಕಳಕೊಂಡಿದ್ದ ಡೆಲಾನ 2014ರ ಚುನಾವಣೆಯಲ್ಲಿ ಗೆದ್ದು ಫಿಜಿಯ ಕ್ರೀಡಾ ಇಲಾಖೆಯ ಸಹಾಯಕ ಮಂತ್ರಿಯಾದರು. ಗಿರೀಶರಿಗೂ 2013ರಲ್ಲಿ ಪದ್ಮಶ್ರೀ ಬಂತು, ಸುಳ್ಳು ಹೇಳಬಾರದು. ಆದರೆ ಅವರ ಹೆಸರನ್ನ ನಂಜನಗೂಡು ಬಸ್ ಸ್ಟ್ಯಾಂಡಲ್ಲಿ ಹತ್ತು ಜನಕ್ಕೆ ಕೇಳಿ ನೋಡಿ. ಅದಕ್ಕೂ ಮೊದಲೇ, 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪಡೆದ ಬೆಂಗಳೂರಿನ ಮಾಲತಿ ಹೊಳ್ಳರ ಹೆಸರನ್ನೂ ಕೇಳಿ.

ಬರೆದಾಗಲೂ ಏನು ಬರೆದೆವು? ‘ಅಂಗವೈಕಲ್ಯ ಮೆಟ್ಟಿ ನಿಂತ ಛಲಗಾರ.’ ಹೆಸರು ಬದಲಾಯಿಸಿದರೆ ಸಾಕು, ಅದೇ ವರದಿ ಯಾರಿಗಾದರೂ ಹೊಂದುತ್ತೆ. ಅಮ್ಮನ ಕಣ್ಣೀರು ಇರುತ್ತೆ, ಆಟ ಇರಲ್ಲ. ಹಾಸನದಲ್ಲೇ ಹುಟ್ಟಿದ ಸುಹಾಸ್ ಯತಿರಾಜ್ ಟೋಕಿಯೊ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ಫ್ರಾನ್ಸಿನ ಲೂಕಾ ಮಾಜೂರ್ ಎದುರು ಮೊದಲ ಗೇಮ್ 21-15ರಲ್ಲಿ ಗೆದ್ದು, ಉಳಿದೆರಡನ್ನ 17-21, 15-21ರಲ್ಲಿ ಸೋತರು. ಎಂಥಾ ಪಂದ್ಯ! ನಮಗೆ ಮುಖ್ಯವಾಗಿದ್ದು ಅವರು ಐಎಎಸ್ ಅಧಿಕಾರಿ ಅನ್ನೋದು.

ಪದಗಳೂ ಬದಲಾದವು ಅನ್ನಿ. ಅಂಗವಿಕಲ ಹೋಗಿ ವಿಕಲಚೇತನ, ಆಮೇಲೆ ವಿಶೇಷಚೇತನ, 2015ರ ಕೊನೆಗೆ ಪ್ರಧಾನಿ ಕೊಟ್ಟ ‘ದಿವ್ಯಾಂಗ’. ಕಡೆಗೆ ಮತ್ತೆ ದೇವರ ಹತ್ತಿರವೇ ಬಂದು ನಿಂತಿದ್ದೇವೆ. ಅದೇ 2015ರ ಮಾರ್ಚಲ್ಲಿ ಗಾಜಿಯಾಬಾದಿನ ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ ಆಟಗಾರರಿಗೆ ಬಳಸೋಕಾಗುವಂಥ ಶೌಚಾಲಯವೂ ಇರಲಿಲ್ಲ. ಏಪ್ರಿಲ್‌ನಲ್ಲಿ ಅಂತಾರಾಷ್ಟ್ರೀಯ ಸಮಿತಿ ನಮ್ಮ ಪ್ಯಾರಾಲಿಂಪಿಕ್ ಸಮಿತಿಯನ್ನ ಅಮಾನತು ಮಾಡಿತು.

ರಿಯೊದಲ್ಲಿ 4 ಪದಕ, ಟೋಕಿಯೊದಲ್ಲಿ 19, ಪ್ಯಾರಿಸ್‌ನಲ್ಲಿ 29. ಪ್ಯಾರಿಸ್ ಕೂಟವನ್ನ ಮೊಬೈಲಲ್ಲೇ ನೋಡಬಹುದಿತ್ತು. ಒಂದು ರಾತ್ರಿ ಆ ಗೆಳೆಯನೇ ಫೋನ್ ಮಾಡಿದ. ಈಗ ಅವನದು ನಂಜನಗೂಡಲ್ಲಿ ಮೊಬೈಲ್ ರಿಪೇರಿ ಅಂಗಡಿ. ಎತ್ತರ ಜಿಗಿತ ನೋಡ್ತಾ ಕೂತಿದ್ದನಂತೆ.

‘ಲೋ, ಆವಾಗ ಬೆಳ್ಳಿ ಗೆದ್ದನಲ್ಲ ಗಿರೀಶ, ಅವನು ಹೆಂಗೋ ಹಾರ್ತಿದ್ದ? ಬೆನ್ನು ಮೇಲಕ್ಕೋ, ಕತ್ತರಿ ಥರಾನೋ?’

ಹುಡುಕಿ ನೋಡಿ ಹೇಳಿದೆ. ಕತ್ತರಿ.

‘ಅದೇ ಅನ್ಕೊಂಡೆ,’ ಅಂದ. ‘ಹಂಗಾದ್ರೆ ಇಳಿಯೋವಾಗ ಯಾವ ಕಾಲ್ ಮೇಲೆ ಬೀಳ್ತಿದ್ದ? ವಿಡಿಯೋ ಇದ್ರೆ ಕಳ್ಸು.’