ಗಣಕದ ಪರದೆಯಲ್ಲಿ ಭೂಪ್ರದಕ್ಷಿಣೆ: ಯೋಜನೆ ಹೇಗೆ?

1964ರ ಮಾರ್ಚ್ 19. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದಿಂದ ಒಂದೇ ಎಂಜಿನ್ನಿನ ಪುಟ್ಟ ಸೆಸ್ನಾ 180 ವಿಮಾನವೊಂದು ಮೇಲೇರಿತು. ಅದರಲ್ಲಿದ್ದವರು ಒಬ್ಬರೇ: ಮೂರು ಮಕ್ಕಳ ತಾಯಿ, 38 ವರ್ಷದ ಗೃಹಿಣಿ ಜೆರ್ರಿ ಮಾಕ್. 29 ದಿನ, 11 ಗಂಟೆ, 59 ನಿಮಿಷಗಳ ಬಳಿಕ, ಏಪ್ರಿಲ್ 17ರಂದು ಅವರು ಅದೇ ನಗರಕ್ಕೆ ಹಿಂತಿರುಗಿದಾಗ, ಏಕಾಂಗಿಯಾಗಿ ವಿಮಾನದಲ್ಲಿ ಭೂಮಿಯನ್ನು ಸುತ್ತಿದ ಮೊದಲ ಮಹಿಳೆ ಎಂಬ ಹಿರಿಮೆಗೆ ಪಾತ್ರರಾಗಿದ್ದರು.

ಇಂತಹ ಯಾನವನ್ನು ಇಂದು ಮನೆಯ ಗಣಕಯಂತ್ರದ ಮುಂದೆ ಕುಳಿತೇ ಕೈಗೊಳ್ಳಬಹುದು. ಪ್ರಾಣಭಯವಿಲ್ಲ, ವೀಸಾ ಬೇಕಿಲ್ಲ, ಇಂಧನಕ್ಕೆ ಹಣ ತೆರಬೇಕಿಲ್ಲ. ಆದರೂ ಯೋಜನೆಯಿಲ್ಲದೆ ಹೊರಟವರ ಯಾನ ಸಾಮಾನ್ಯವಾಗಿ ಮೊದಲ ಮಹಾಸಾಗರದಲ್ಲೇ ಕೊನೆಗೊಳ್ಳುತ್ತದೆ. ಸಿಮ್ಯುಲೇಟರ್ ಅಪಾಯವನ್ನು ತೆಗೆದುಹಾಕುತ್ತದೆಯೇ ಹೊರತು ದೂರವನ್ನಲ್ಲ. ಭೂಪ್ರದಕ್ಷಿಣೆಯ ಯೋಜನೆ ಹೇಗಿರಬೇಕು ಎಂಬುದನ್ನು ಮಾಕ್ ಅವರ ಮಾರ್ಗವನ್ನೇ ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ತಂತ್ರಾಂಶದ ಆಯ್ಕೆ

ಮನೆಬಳಕೆಯ ಗಣಕಗಳಲ್ಲಿ ವಿಮಾನ ಹಾರಾಟದ ಅನುಕರಣೆಗೆ ನಾಂದಿ ಹಾಡಿದವರು ಅಮೆರಿಕದ ಬ್ರೂಸ್ ಆರ್ಟ್‌ವಿಕ್. ಅವರ ಸಬ್‌ಲಾಜಿಕ್ ಸಂಸ್ಥೆ ಆಪಲ್ 2 ಗಣಕಕ್ಕೆ ರೂಪಿಸಿದ ತಂತ್ರಾಂಶವೇ ಮುಂದೆ 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಗಿ ಹೊರಬಂತು. 2003ರಲ್ಲಿ ಬಿಡುಗಡೆಯಾದ ಆವೃತ್ತಿಯು ವಿಮಾನಯಾನದ ಶತಮಾನೋತ್ಸವದ ನೆನಪಿಗೆ ಲಾಕ್‌ಹೀಡ್ ವೇಗಾ, ಡಿಸಿ-3 ಮೊದಲಾದ ಐತಿಹಾಸಿಕ ವಿಮಾನಗಳನ್ನು ಒಳಗೊಂಡಿತ್ತು. 2020 ಹಾಗೂ 2024ರ ಆವೃತ್ತಿಗಳು ಉಪಗ್ರಹ ಮತ್ತು ವೈಮಾನಿಕ ಛಾಯಾಚಿತ್ರಗಳ ನೆರವಿನಿಂದ ಇಡೀ ಭೂಗೋಳವನ್ನು ಪರದೆಗೆ ತರುತ್ತವೆ. ದೃಶ್ಯಗಳು ಅಂತರಜಾಲದ ಮೂಲಕ ಹರಿದುಬರುವುದರಿಂದ ವೇಗದ ಸಂಪರ್ಕವೂ ಸಮರ್ಥ ಗಣಕವೂ ಅಗತ್ಯ.

ಲ್ಯಾಮಿನಾರ್ ರಿಸರ್ಚ್ ಸಂಸ್ಥೆಯ ಎಕ್ಸ್-ಪ್ಲೇನ್ ಮತ್ತೊಂದು ಪ್ರಮುಖ ಆಯ್ಕೆ. ಹಣ ತೆರಲು ಇಚ್ಛಿಸದವರಿಗೆ ಮುಕ್ತ ತಂತ್ರಾಂಶವಾದ ಫ್ಲೈಟ್‌ಗಿಯರ್ ಉಚಿತವಾಗಿ ದೊರೆಯುತ್ತದೆ. ಪ್ರದಕ್ಷಿಣೆಗೆ ಈ ಮೂರರಲ್ಲಿ ಯಾವುದಾದರೂ ಸಾಕು. ಮಾರ್ಗ ರೂಪಿಸಲು ಲಿಟಲ್ ನಾವ್‌ಮ್ಯಾಪ್ ಎಂಬ ಉಚಿತ ತಂತ್ರಾಂಶ ಬಹೂಪಯೋಗಿ.

ಯಾವುದು ಪ್ರದಕ್ಷಿಣೆ?

ಉತ್ತರ ಧ್ರುವದ ಸುತ್ತ ಒಂದು ಚಿಕ್ಕ ವೃತ್ತ ಹಾರಿದರೂ ಎಲ್ಲ ರೇಖಾಂಶಗಳನ್ನು ದಾಟಿದಂತಾಗುತ್ತದೆ. ಅದನ್ನು ಯಾರೂ ಪ್ರದಕ್ಷಿಣೆ ಎನ್ನುವುದಿಲ್ಲ. ಆದ್ದರಿಂದ ವೈಮಾನಿಕ ದಾಖಲೆಗಳನ್ನು ಮಾನ್ಯಮಾಡುವ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಎಐ, ದಾಖಲೆಗೆ ಅರ್ಹವಾಗುವ ಯಾನಕ್ಕೆ ಅಳತೆಯೊಂದನ್ನು ಇಟ್ಟಿದೆ. ಹೊರಟಲ್ಲಿಗೇ ಮರಳಬೇಕು, ಎಲ್ಲ ರೇಖಾಂಶಗಳನ್ನು ದಾಟಬೇಕು, ಒಟ್ಟು ದೂರ ಕರ್ಕಾಟಕ ಸಂಕ್ರಾಂತಿ ವೃತ್ತದ ಉದ್ದಕ್ಕಿಂತ, ಅಂದರೆ ಸುಮಾರು 36,787 ಕಿ.ಮೀ.ಗಿಂತ, ಕಡಿಮೆಯಿರಬಾರದು. ಗಣಕದ ಯಾತ್ರಿಕರು ಈ ನಿಯಮಕ್ಕೆ ಬದ್ಧರಲ್ಲ. ಆದರೂ ಮೊದಲೇ ಒಂದು ಅಳತೆಯನ್ನು ಒಪ್ಪಿಕೊಂಡರೆ ನಡುವೆ ದಾರಿ ಮೊಟಕುಗೊಳಿಸುವ ಆಸೆ ಹುಟ್ಟದು.

ಮಾಕ್ ಅವರ ದಾರಿ

ಯೋಜನೆಯ ಮೊದಲ ಪ್ರಶ್ನೆ ಎಲ್ಲಿಂದ ಹೊರಡಬೇಕು ಎಂಬುದಲ್ಲ. ನೀರಿನ ಮೇಲಿನ ಅತಿ ಉದ್ದದ ಹಂತ ಯಾವುದು ಎಂಬುದು. ನೆಲದ ಮೇಲೆ ನಿಲ್ದಾಣಗಳಿಗೆ ಕೊರತೆಯಿಲ್ಲ. ಸಾಗರದಲ್ಲಿ ದ್ವೀಪಗಳಿದ್ದಲ್ಲಿ ಮಾತ್ರ ನಿಲ್ದಾಣ. ಮಾಕ್ ಅವರ ದಾರಿಯ ಮುಖ್ಯ ನಿಲ್ದಾಣಗಳನ್ನು ಗಮನಿಸಿ:

1. ಕೊಲಂಬಸ್, ಬರ್ಮುಡಾ, ಅಜೋರ್ಸ್‌ನ ಸಾಂತಾ ಮರಿಯಾ, ಕಾಸಾಬ್ಲಾಂಕಾ (ಅಟ್ಲಾಂಟಿಕ್ ಭಾಗ)
2. ಅಲ್ಜೀರಿಯಾದ ಬೋನ್, ಟ್ರಿಪೊಲಿ, ಕೈರೊ, ದಹ್ರಾನ್ (ಆಫ್ರಿಕಾ ಮತ್ತು ಅರೇಬಿಯಾ)
3. ಕರಾಚಿ, ದೆಹಲಿ, ಕಲ್ಕತ್ತಾ, ಬ್ಯಾಂಕಾಕ್, ಮನಿಲಾ (ಏಷ್ಯಾ)
4. ಗುವಾಮ್, ವೇಕ್ ದ್ವೀಪ, ಹೊನೊಲುಲು, ಓಕ್‌ಲ್ಯಾಂಡ್ (ಪೆಸಿಫಿಕ್)
5. ಟೂಸಾನ್, ಎಲ್ ಪಾಸೊ ಮೂಲಕ ಮತ್ತೆ ಕೊಲಂಬಸ್

ಎರಡನೆಯ, ಮೂರನೆಯ ಹಾಗೂ ಐದನೆಯ ಭಾಗಗಳಲ್ಲಿ ಬೇಕೆಂದಲ್ಲಿ ಇಳಿದು ವಿಶ್ರಮಿಸಬಹುದು. ಕಷ್ಟವಿರುವುದು ಉಳಿದೆರಡರಲ್ಲಿ. ಬರ್ಮುಡಾದಿಂದ ಸಾಂತಾ ಮರಿಯಾಕ್ಕೆ ಸುಮಾರು 3,600 ಕಿ.ಮೀ.; ಮನಿಲಾದಿಂದ ಗುವಾಮ್‌ಗೆ 2,550; ಗುವಾಮ್‌ನಿಂದ ವೇಕ್‌ಗೆ 2,400; ವೇಕ್‌ನಿಂದ ಹೊನೊಲುಲುವಿಗೆ 3,700. ಎಲ್ಲಕ್ಕಿಂತ ಉದ್ದದ್ದು ಹೊನೊಲುಲುವಿನಿಂದ ಓಕ್‌ಲ್ಯಾಂಡ್‌ಗೆ, ಸುಮಾರು 3,870 ಕಿ.ಮೀ. ಹವಾಯಿಗೂ ಅಮೆರಿಕದ ಪಶ್ಚಿಮ ಕರಾವಳಿಗೂ ನಡುವೆ ಇಳಿಯಲು ದ್ವೀಪವೊಂದೂ ಇಲ್ಲ. ಮಾಕ್ ತಮ್ಮ ವಿಮಾನದ ಆಸನಗಳನ್ನು ತೆಗೆಸಿ ಆ ಜಾಗದಲ್ಲಿ ಹೆಚ್ಚುವರಿ ಇಂಧನದ ಟ್ಯಾಂಕುಗಳನ್ನು ಕೂರಿಸಿಕೊಂಡದ್ದು ಈ ಕಾರಣಕ್ಕೆ.

ಸಿಮ್ಯುಲೇಟರಿನಲ್ಲಿ ಬರುವ ವಿಮಾನಗಳನ್ನು ಇದೇ ಅಳತೆಗೋಲಿನಿಂದ ನೋಡಬೇಕು. ಟಿಬಿಎಂ 930 ಮತ್ತು ಕಿಂಗ್ ಏರ್ 350ಐ ವಿಮಾನಗಳು ಆಧುನಿಕವಾದರೂ ಅವುಗಳ ಗರಿಷ್ಠ ವ್ಯಾಪ್ತಿ 3,200ರಿಂದ 3,350 ಕಿ.ಮೀ. ಆಸುಪಾಸಿನದು. ಅವು ಹೊನೊಲುಲುವಿನಿಂದ ಹೊರಟರೆ ಓಕ್‌ಲ್ಯಾಂಡ್ ತಲುಪಲಾರವು. ಸೆಸ್ನಾ ಸಿಜೆ4 ಜೆಟ್ಟಿನ ವ್ಯಾಪ್ತಿ 4,000 ಕಿ.ಮೀ. ದಾಟುತ್ತದೆಯಾದರೂ ಉಳಿಕೆ ಅತ್ಯಲ್ಪ.

ಇಂಧನದ ಲೆಕ್ಕ

ಬಹುತೇಕ ಎಲ್ಲ ಸಿಮ್ಯುಲೇಟರುಗಳಲ್ಲೂ ಇರುವ ಸೆಸ್ನಾ 172 ವಿಮಾನವನ್ನು ತೆಗೆದುಕೊಳ್ಳೋಣ. ಬಳಸಬಹುದಾದ ಇಂಧನ ಸುಮಾರು 200 ಲೀಟರ್. ಗಂಟೆಗೆ 35 ಲೀಟರ್ ವೆಚ್ಚವೆಂದುಕೊಂಡರೆ 5 ಗಂಟೆ 40 ನಿಮಿಷ ಹಾರಬಹುದು. ತುರ್ತಿಗಾಗಿ 45 ನಿಮಿಷದ ಇಂಧನ ತೆಗೆದಿಟ್ಟು, ಮೇಲೇರುವಾಗಿನ ಹೆಚ್ಚುವರಿ ವೆಚ್ಚವನ್ನೂ ಕಳೆದರೆ ಉಳಿಯುವುದು ಸುಮಾರು 4 ಗಂಟೆ 50 ನಿಮಿಷ. ಗಂಟೆಗೆ 220 ಕಿ.ಮೀ. ವೇಗದಲ್ಲಿ ಅದು 1,060 ಕಿ.ಮೀ. ಆಗುತ್ತದೆ.

ಇದು ಗಾಳಿಯೇ ಇಲ್ಲದಾಗಿನ ಲೆಕ್ಕ. ಗಂಟೆಗೆ 40 ಕಿ.ಮೀ. ವೇಗದ ಎದುರುಗಾಳಿ ಬೀಸಿದರೆ ಅದೇ ವಿಮಾನ 870 ಕಿ.ಮೀ. ಮಾತ್ರ ಕ್ರಮಿಸುತ್ತದೆ, ಹಿಂದಿನಿಂದ ಬೀಸಿದರೆ 1,250 ಕಿ.ಮೀ. ಒಂದೇ ಟ್ಯಾಂಕು, ಒಂದೇ ಎಂಜಿನ್, ಆದರೆ ಅಂತರ 380 ಕಿ.ಮೀ. ಮಧ್ಯ ಅಕ್ಷಾಂಶಗಳಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಅಲ್ಲಿ ಪೂರ್ವಾಭಿಮುಖ ಯಾನ ಅನುಕೂಲಕರ. ಉಷ್ಣವಲಯದಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳ ಕಾರಣ ಇದು ತಿರುಗುಮುರುಗು.

ಸಾಗರದ ಹಂತಗಳಲ್ಲಿ ಇನ್ನೊಂದು ಲೆಕ್ಕವೂ ಬೇಕು. ಮುಂದೆ ಹೋಗಲೂ ಹಿಂದಿರುಗಲೂ ಸಮಾನ ಸಮಯ ಹಿಡಿಯುವ ಸ್ಥಾನವೊಂದಿರುತ್ತದೆ. ಅದು ದಾರಿಯ ಮಧ್ಯದಲ್ಲೇ ಇರಬೇಕೆಂದಿಲ್ಲ. ಗಂಟೆಗೆ 240 ಕಿ.ಮೀ. ವೇಗದ ವಿಮಾನಕ್ಕೆ ಹೊನೊಲುಲುವಿನಿಂದ ಓಕ್‌ಲ್ಯಾಂಡ್‌ವರೆಗೆ 40 ಕಿ.ಮೀ. ವೇಗದ ಹಿಂಗಾಳಿ ದೊರೆತರೆ ಮುಂದಿನ ವೇಗ 280, ಹಿಂದಿರುಗುವ ವೇಗ 200. ಆಗ ಸಮಕಾಲದ ಸ್ಥಾನ ಹೊನೊಲುಲುವಿನಿಂದ ಸುಮಾರು 1,610 ಕಿ.ಮೀ. ದೂರದಲ್ಲಿ ಬೀಳುತ್ತದೆ, ನಿಜವಾದ ಮಧ್ಯಬಿಂದುವಿಗಿಂತ 300 ಕಿ.ಮೀ.ಗೂ ಮೊದಲೇ. ಅದನ್ನು ದಾಟಿದ ಮೇಲೆ ಎಂಜಿನ್ ತೊಂದರೆ ಕೊಟ್ಟರೆ ಮುಂದಕ್ಕೆ ಹೋಗುವುದೇ ಸರಿ. ಈ ಸ್ಥಾನವನ್ನು ಹೊರಡುವ ಮೊದಲೇ ನಕ್ಷೆಯಲ್ಲಿ ಗುರುತಿಸಿಕೊಳ್ಳಬೇಕು.

ಚಿಕ್ಕ ವಿಮಾನಕ್ಕೆ ಉತ್ತರದ ದಾರಿ

ಹಾಗಾದರೆ ಸೆಸ್ನಾ 172ರಲ್ಲಿ ಪ್ರದಕ್ಷಿಣೆ ಅಸಾಧ್ಯವೇ? ಅಲ್ಲ. ದಾರಿ ಬದಲಿಸಬೇಕು. 1924ರಲ್ಲಿ ಮೊತ್ತಮೊದಲ ವೈಮಾನಿಕ ಭೂಪ್ರದಕ್ಷಿಣೆ ನಡೆಸಿದ ಅಮೆರಿಕ ಸೇನೆಯ ಡಗ್ಲಾಸ್ ವರ್ಲ್ಡ್ ಕ್ರೂಸರ್ ವಿಮಾನಗಳು ಹಿಡಿದದ್ದು ಅಲಾಸ್ಕಾ, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್‌ಗಳ ಮೂಲಕ ಸಾಗುವ ಉತ್ತರದ ದಾರಿಯನ್ನು. ಸಿಯಾಟಲ್‌ನಿಂದ ಹೊರಟ ನಾಲ್ಕರಲ್ಲಿ ಎರಡು ವಿಮಾನಗಳು ಮಾತ್ರ 175 ದಿನಗಳ ಬಳಿಕ ಗುರಿ ಮುಟ್ಟಿದವು. ನಡುವೆ ಅವು ಕಲ್ಕತ್ತಾ, ಅಲಹಾಬಾದ್, ಅಂಬಾಲಾಗಳಲ್ಲೂ ಇಳಿದಿದ್ದವು.

ಕೆನಡಾದ ಗೂಸ್ ಬೇಯಿಂದ ಗ್ರೀನ್‌ಲ್ಯಾಂಡ್‌ನ ನಾರ್ಸರ್ಸುವಾಕ್‌ಗೆ ಸುಮಾರು 1,250 ಕಿ.ಮೀ. ಇದು 172ರ ಮಿತಿಯನ್ನು ಮುಟ್ಟುತ್ತದೆ. ಇನ್ನೂ ಉತ್ತರಕ್ಕೆ ಸರಿದು ಇಕಲೂಯಿಟ್‌ನಿಂದ ನೂಕ್‌ಗೆ ಹಾರಿದರೆ ಕೇವಲ 825. ಅಲ್ಲಿಂದ ಕುಲುಸುಕ್‌ಗೆ 700. ಕುಲುಸುಕ್‌ನಿಂದ ರೇಕ್ಯಾವಿಕ್‌ಗೆ 735. ಮುಂದೆ ಫೇರೋ ದ್ವೀಪಗಳಿಗೆ 770. ಎಲ್ಲವೂ ಲೆಕ್ಕದೊಳಗೇ ಇವೆ. ಆದರೆ ನೂಕ್ ಮತ್ತು ಕುಲುಸುಕ್ ನಡುವೆ ಸುಮಾರು 2,500 ಮೀಟರ್ ಎತ್ತರದ ಹಿಮಹಾಸನ್ನು ದಾಟಬೇಕು. ಸಿಮ್ಯುಲೇಟರಿನಲ್ಲಿ ನೈಜ ಹವಾಮಾನವನ್ನು ಆರಿಸಿಕೊಂಡಿದ್ದರೆ ರೆಕ್ಕೆಗಳ ಮೇಲೆ ಹಿಮ ಕಟ್ಟುವುದೂ ಉಂಟು. ಪೆಸಿಫಿಕ್ ಬದಿಯಲ್ಲಿ ರಷ್ಯಾದ ಪ್ರೊವಿಡೆನಿಯಾದಿಂದ ಅಲಾಸ್ಕಾದ ನೋಮ್‌ಗೆ ಬೇರಿಂಗ್ ಜಲಸಂಧಿಯ ಮೇಲೆ ಕೇವಲ 370 ಕಿ.ಮೀ.

ಭಾರತೀಯ ವಾಯುಪಡೆಯ ವಿಂಗ್ ಕಮಾಂಡರ್‌ಗಳಾದ ರಾಹುಲ್ ಮೊಂಗಾ ಮತ್ತು ಅನಿಲ್ ಕುಮಾರ್ 2007ರಲ್ಲಿ ಹಗುರ ಮೈಕ್ರೋಲೈಟ್ ವಿಮಾನವೊಂದರಲ್ಲಿ 79 ದಿನಗಳಲ್ಲಿ 40,000 ಕಿ.ಮೀ.ಗೂ ಹೆಚ್ಚು ಹಾರಿ ಪ್ರದಕ್ಷಿಣೆ ಮುಗಿಸಿದ್ದರು. ವಿಮಾನ ಚಿಕ್ಕದಾದಷ್ಟೂ ನಿಲ್ದಾಣಗಳ ಸಂಖ್ಯೆ ಹೆಚ್ಚುತ್ತದೆ ಎಂಬುದಷ್ಟೇ ವ್ಯತ್ಯಾಸ.

ನಕ್ಷೆಯ ಗೆರೆ ಮತ್ತು ಭೂಮಿಯ ಗೆರೆ

ಗೋಡೆಯ ಮೇಲಿನ ಭೂಪಟದಲ್ಲಿ ಎಳೆದ ಸರಳರೇಖೆ ಅತಿ ಹತ್ತಿರದ ದಾರಿಯಲ್ಲ. ಗೋಳದ ಮೇಲೆ ಅತಿ ಹತ್ತಿರದ ದಾರಿಯನ್ನು ಮಹಾವೃತ್ತ ಎನ್ನುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಹಾರಿಬಂದದ್ದನ್ನು ಓದುಗರು ನೆನಪಿಸಿಕೊಳ್ಳಬಹುದು. ಭೂಪಟದಲ್ಲಿ ಸುತ್ತುದಾರಿಯಂತೆ ಕಾಣುವ ಧ್ರುವಮಾರ್ಗ ಇಂತಹ ದೂರದ ಯಾನಗಳಿಗೆ ಹತ್ತಿರದ್ದು. ಯೋಜನಾ ತಂತ್ರಾಂಶಗಳು ಮಹಾವೃತ್ತವನ್ನು ತಾವೇ ಲೆಕ್ಕಹಾಕುತ್ತವೆ. ಅವು ದೂರವನ್ನು ನಾಟಿಕಲ್ ಮೈಲಿಗಳಲ್ಲಿ ತೋರಿಸುತ್ತವೆ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.

ನಿಲ್ದಾಣಗಳನ್ನು ನಾಲ್ಕಕ್ಷರದ ಸಂಕೇತದಿಂದ ಹುಡುಕಬೇಕು. ದಕ್ಷಿಣ ಭಾರತದ ಸಂಕೇತಗಳು ‘ವಿಒ’ ಎಂದು ಆರಂಭವಾಗುತ್ತವೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ‘ವಿಒಬಿಎಲ್’, ಮಂಗಳೂರು ‘ವಿಒಎಂಎಲ್’.

ಕಾಲ ಮತ್ತು ಬೆಳಕು

ಸಿಮ್ಯುಲೇಟರಿನಲ್ಲಿ ನೈಜ ಸಮಯವನ್ನೇ ಇಟ್ಟುಕೊಳ್ಳುವವರು ಬೆಳಕಿನ ಲೆಕ್ಕವನ್ನೂ ಹಾಕಬೇಕು. ಕಚೇರಿ ಮುಗಿಸಿ ರಾತ್ರಿ 9ಕ್ಕೆ ಗಣಕದ ಮುಂದೆ ಕುಳಿತರೆ ಬ್ಯಾಂಕಾಕ್‌ನಲ್ಲಿ ರಾತ್ರಿ 10.30, ಏಷ್ಯಾದ ಹಂತಗಳೆಲ್ಲ ಕತ್ತಲೆಯಲ್ಲೇ ಕಳೆಯುತ್ತವೆ. ಅದೇ ವೇಳೆಗೆ ಹೊನೊಲುಲುವಿನಲ್ಲಿ ಬೆಳಗಿನ 5.30. ಏಷ್ಯಾದ ಹಂತಗಳನ್ನು ಭಾನುವಾರದ ಬೆಳಗಿಗೆ ಮೀಸಲಿಡುವುದು ಲೇಸು. ಪೂರ್ವಾಭಿಮುಖವಾಗಿ ದಿನಾಂಕ ರೇಖೆಯನ್ನು ದಾಟಿದಾಗ ಒಂದೇ ದಿನಾಂಕ ಎರಡು ಬಾರಿ ಬರುತ್ತದೆ. ಜೂಲ್ಸ್ ವರ್ನ್ ಅವರ ಎಂಬತ್ತು ದಿನಗಳ ಕಾದಂಬರಿಯ ನಾಯಕ ಪಂದ್ಯ ಗೆದ್ದದ್ದು ಈ ಲೆಕ್ಕದಿಂದಲೇ. ದಾಖಲೆ ಪುಸ್ತಕದಲ್ಲಿ ವಿಶ್ವಮಾನ್ಯ ಸಮಯವನ್ನೇ ಬರೆಯುವುದು ಗೊಂದಲಕ್ಕೆ ಪರಿಹಾರ.

ಗುರುತಿಸುವ ಕಷ್ಟ

ಕೈರೊ ಸಮೀಪಿಸಿದ ಮಾಕ್ ಇಳಿದದ್ದು ಕೈರೊ ನಿಲ್ದಾಣದಲ್ಲಲ್ಲ, ಸಮೀಪದ ಇನ್ಶಾಸ್ ಎಂಬ ಈಜಿಪ್ಟಿನ ಸೇನಾ ನೆಲೆಯಲ್ಲಿ. ಸೈನಿಕರು ಸುತ್ತುವರಿದ ಮೇಲಷ್ಟೇ ಪ್ರಮಾದ ತಿಳಿಯಿತು. ದೂರದಿಂದ ಎಲ್ಲ ರನ್‌ವೇಗಳೂ ಒಂದೇ ರೀತಿ ಕಾಣುತ್ತವೆ. ಪರದೆಯಲ್ಲಂತೂ ಇನ್ನೂ ಹೆಚ್ಚು. ಪ್ರತಿ ನಿಲ್ದಾಣದ ರನ್‌ವೇ ದಿಕ್ಕು, ಉದ್ದ, ಸಮುದ್ರಮಟ್ಟದಿಂದ ಎತ್ತರ ಹಾಗೂ ಸಮೀಪದ ಬದಲಿ ನಿಲ್ದಾಣ, ಈ ನಾಲ್ಕನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು.

ಬದಲಿ ನಿಲ್ದಾಣವಿಲ್ಲದ ಹಂತ ಎಷ್ಟು ಘೋರವಾಗಬಲ್ಲದು ಎಂಬುದಕ್ಕೆ 1937ರ ಜುಲೈ 2 ಸಾಕ್ಷಿ. ಅಮೀಲಿಯಾ ಇಯರ್‌ಹಾರ್ಟ್ ಮತ್ತು ಮಾರ್ಗದರ್ಶಿ ಫ್ರೆಡ್ ನೂನನ್ ನ್ಯೂಗಿನಿಯ ಲೇ ಪಟ್ಟಣದಿಂದ 4,100 ಕಿ.ಮೀ. ದೂರದ ಹೌಲ್ಯಾಂಡ್ ದ್ವೀಪಕ್ಕೆ ಹೊರಟಿದ್ದರು. ದ್ವೀಪದ ಉದ್ದ ಸುಮಾರು 2 ಕಿ.ಮೀ. ಮಾತ್ರ. ಕಾಯುತ್ತಿದ್ದ ಇಟಾಸ್ಕಾ ಹಡಗಿಗೆ ಅವರ ಧ್ವನಿ ಸ್ಪಷ್ಟವಾಗಿ ಕೇಳಿಸಿತು. ಅವರಿಗೆ ದ್ವೀಪ ಕಾಣಿಸಲಿಲ್ಲ. ಸಿಮ್ಯುಲೇಟರಿನಲ್ಲಿ ಉಪಗ್ರಹ ಮಾರ್ಗದರ್ಶಿಯನ್ನು ಆರಿಸಿಟ್ಟು ದಿಕ್ಸೂಚಿ ಮತ್ತು ಗಡಿಯಾರಗಳಿಂದಲೇ ಈ ಹಂತವನ್ನು ಪ್ರಯತ್ನಿಸಿದರೆ ಅವರ ಎದುರಿದ್ದ ಸಮಸ್ಯೆ ಅರ್ಥವಾಗುತ್ತದೆ. ದಿಕ್ಕಿನಲ್ಲಿ ಒಂದೇ ಡಿಗ್ರಿ ತಪ್ಪಿದರೂ ಅಷ್ಟು ದೂರದಲ್ಲಿ 70 ಕಿ.ಮೀ. ಆಚೆಗೆ ತಲುಪಿರುತ್ತೀರಿ.

ಸ್ವಂತ ನಿಯಮಗಳು

ಒಟ್ಟು 36,800 ಕಿ.ಮೀ. ದೂರವನ್ನು ಗಂಟೆಗೆ 240 ಕಿ.ಮೀ.ನಂತೆ ಕ್ರಮಿಸಲು 150 ಗಂಟೆಗೂ ಹೆಚ್ಚು ಬೇಕು. ವಾರಕ್ಕೆ ನಾಲ್ಕು ಗಂಟೆ ಬಿಡುವಿರುವವರಿಗೆ ಇದು ಸುಮಾರು ಒಂಬತ್ತು ತಿಂಗಳ ಕೆಲಸ. ಆದ್ದರಿಂದ ಆರಂಭಕ್ಕೆ ಮುನ್ನವೇ ಕೆಲವು ನಿಯಮಗಳನ್ನು ನಿರ್ಧರಿಸಿಕೊಳ್ಳುವುದು ಒಳಿತು:

- ಇಳಿದ ನಿಲ್ದಾಣದಿಂದಲೇ ಮುಂದಿನ ಹಂತ ಆರಂಭವಾಗಬೇಕು.
- ಇಂಧನ ಮುಗಿಯದಂತೆ ಮಾಡುವ ಆಯ್ಕೆಯನ್ನು ಮುಚ್ಚಿಡಬೇಕು.
- ಕಾಲದ ವೇಗ ಹೆಚ್ಚಿಸುವ ಸೌಲಭ್ಯ ಬಳಸುವುದಾದರೆ ಸಾಗರದ ನಡುವೆ ಮಾತ್ರ. ಏರುವಾಗ, ಇಳಿಯುವಾಗ ಕೂಡದು.
- ವಿಮಾನ ಅಪಘಾತಕ್ಕೀಡಾದರೆ ಹಿಂದಿನ ನಿಲ್ದಾಣಕ್ಕೆ ಮರಳಿ, ಆದದ್ದನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು.
- ಹವಾಮಾನ ಕೆಟ್ಟಿದ್ದರೆ ಕಾಯಬೇಕು. ಪರದೆಯ ಆಕಾಶವನ್ನು ತಿಳಿಯಾಗಿಸಿಕೊಳ್ಳಬಾರದು.

ಕೊನೆಯ ನಿಯಮವೇ ಪಾಲಿಸಲು ಅತಿ ಕಷ್ಟದ್ದು. ಮಾಕ್ ಅವರಿಗೆ ಕಾಯುವುದು ಸುಲಭವಾಗಿರಲಿಲ್ಲ. ಅವರಿಗಿಂತ ಎರಡು ದಿನ ಮೊದಲೇ, ಮಾರ್ಚ್ 17ರಂದು, ಜೋನ್ ಮೆರಿಯಂ ಸ್ಮಿತ್ ಎಂಬ ಮತ್ತೊಬ್ಬ ಮಹಿಳೆ ಓಕ್‌ಲ್ಯಾಂಡ್‌ನಿಂದ ಇಯರ್‌ಹಾರ್ಟ್ ಅವರ ಜಾಡು ಹಿಡಿದು ಏಕಾಂಗಿಯಾಗಿ ಹೊರಟಿದ್ದರು. ಅವರು ಯಾನ ಮುಗಿಸಿದ್ದು ಮೇ 12ರಂದು. ಪೈಪೋಟಿಯ ನಡುವೆಯೂ ಮಾಕ್ ಬರ್ಮುಡಾದಲ್ಲಿ ಹವಾಮಾನ ಸುಧಾರಿಸುವವರೆಗೆ ದಿನಗಟ್ಟಲೆ ಕಾದರು. ಅವರ ಸೆಸ್ನಾ ಇಂದು ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ಪ್ರದಕ್ಷಿಣೆಗೆ ಹೊಸಬರು ಮೊದಲು ನೆಲದ ಮೇಲಿನ ನಾಲ್ಕೈದು ಹಂತಗಳನ್ನು, ಉದಾಹರಣೆಗೆ ಕರಾಚಿಯಿಂದ ಬ್ಯಾಂಕಾಕ್‌ವರೆಗಿನ ದಾರಿಯನ್ನು, ಹಾರಿ ನೋಡಬಹುದು. ಯೋಜನೆಯ ಇಂಧನಕ್ಕೂ ನಿಜವಾಗಿ ವೆಚ್ಚವಾದ ಇಂಧನಕ್ಕೂ ಇರುವ ವ್ಯತ್ಯಾಸವನ್ನು ಪ್ರತಿ ಬಾರಿಯೂ ಬರೆದಿಟ್ಟರೆ, ಸಾಗರದ ಹಂತ ಬರುವ ಹೊತ್ತಿಗೆ ತಮ್ಮ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಅವರಿಗೇ ತಿಳಿದಿರುತ್ತದೆ.