ಹಿಡುವಳಿ ಜಮೀನಿನ ಮರ ಯಾರದು? ಹೆಗ್ಗಡದೇವನಕೋಟೆ ಕಾಡಂಚಿನಲ್ಲಿ ಖಾಸಗಿ ನಾಟಾ ಮಾರಾಟದ ಚರಿತ್ರೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರಿನ ಹೆಸರು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೂ ಇದೆ. ಇಲ್ಲಿ ಕಾಡು ಮುಗಿದ ಕಡೆಯೇ ಹೊಲ ಶುರುವಾಗುತ್ತದೆ. ತೇಗ, ಬೀಟೆ, ಹೊನ್ನೆ, ಮತ್ತಿ ಈ ಮಣ್ಣಿನ ಮರಗಳು. ಬೀಜ ಬಿದ್ದರೆ ಹೊಲದ ಬದುವಿನಲ್ಲೂ ಮೊಳೆಯುತ್ತವೆ. ಆದರೂ ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯ ರೈತ ಮಾರಾಟಕ್ಕೆಂದು ಬೆಳೆಸುತ್ತ ಬಂದದ್ದು ಹೆಚ್ಚಾಗಿ ಸಿಲ್ವರ್ ಓಕ್, ನೀಲಗಿರಿ, ಸರ್ವೆಯನ್ನು. ಇದಕ್ಕೆ ಮಾರುಕಟ್ಟೆಯೊಂದೇ ಕಾರಣವಲ್ಲ. ನೆಲದ ಹಕ್ಕನ್ನು ರೈತನಿಗೆ ಕೊಟ್ಟು ಮರದ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡ ಎರಡು ಶತಮಾನಗಳ ಆಡಳಿತ ನೀತಿಯ ಫಲವಿದು ಎಂಬುದು ಈ ಲೇಖನದ ವಾದ.

ರಾಜವೃಕ್ಷದಿಂದ ಕಾಯ್ದೆಯವರೆಗೆ

ಈ ನೀತಿಯ ಮೊದಲ ಸ್ಪಷ್ಟ ರೂಪ ಶ್ರೀಗಂಧದಲ್ಲಿ ಕಾಣುತ್ತದೆ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಘೋಷಿಸಿದ. ಮರ ಯಾರ ಹೊಲದಲ್ಲೇ ಇರಲಿ, ಒಡೆತನ ಅರಮನೆಯದು. ಟಿಪ್ಪುವಿನ ಪತನದ ನಂತರವೂ ಮೈಸೂರು ಸರ್ಕಾರ ಈ ಏಕಸ್ವಾಮ್ಯವನ್ನು ಬಿಡಲಿಲ್ಲ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದ ಮೇಲೆ ಅದು ಇನ್ನಷ್ಟು ಬಿಗಿಯಾಯಿತು. ರೈತನ ಪಾಲಿಗೆ ಬಂದದ್ದು ತನ್ನ ಹೊಲದ ಗಂಧವನ್ನು ಕಾಯುವ ಹೊಣೆ ಮತ್ತು ಸರ್ಕಾರ ಗೊತ್ತುಮಾಡಿದ ಬೋನಸ್ಸು. ಮರ ಕಳುವಾದರೆ ವಿಚಾರಣೆ ಅವನ ಮನೆ ಬಾಗಿಲಿಗೇ ಬರುತ್ತಿತ್ತು.

ಉಳಿದ ಮರಗಳ ಕಥೆ 19ನೇ ಶತಮಾನದ ಉತ್ತರಾರ್ಧದಲ್ಲಿ ಬದಲಾಯಿತು. ಹುಣಸೂರಿನಲ್ಲಿ ಆಗ ಬ್ರಿಟಿಷ್ ಸೇನೆಯ ಕಮಿಸರಿಯೇಟ್ ಚರ್ಮದ ಕಾರ್ಖಾನೆ, ಕಂಬಳಿ ತಯಾರಿಕೆಯ ಜೊತೆಗೆ ನಾಟಾ ಅಂಗಳವನ್ನೂ ನಡೆಸಿತ್ತು. ಕಾಕನಕೋಟೆ ಸೀಮೆಯ ಮರಕ್ಕೆ ಸರ್ಕಾರವೇ ದೊಡ್ಡ ಗಿರಾಕಿ. 1864ರಲ್ಲಿ ಮೈಸೂರಿಗೆ ಪ್ರತ್ಯೇಕ ಅರಣ್ಯ ಇಲಾಖೆ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಂದಾಯ ಮೋಜಣಿಯೂ ಆರಂಭವಾಯಿತು. ಮೋಜಣಿ ಹೊಲಕ್ಕೆ ಗಡಿಕಲ್ಲು ನೆಟ್ಟು ರೈತನ ಹೆಸರು ಬರೆಯಿತು. ಅರಣ್ಯ ನಿಯಮ ಅದೇ ಹೊಲದ ಬೆಲೆಬಾಳುವ ಮರಗಳನ್ನು ಕಾಯ್ದಿಟ್ಟ ಮರಗಳೆಂದು ಪಟ್ಟಿಮಾಡಿತು. 1888ರ ಭೂಕಂದಾಯ ಸಂಹಿತೆ, 1900ರ ಮೈಸೂರು ಅರಣ್ಯ ರೆಗ್ಯುಲೇಷನ್ ಈ ಎರಡು ಕವಲುಗಳನ್ನು ಹಾಗೆಯೇ ಮುಂದಕ್ಕೆ ಒಯ್ದವು.

ಎರಡು ಕಾಯ್ದೆ, ಎರಡು ದನಿ

ಏಕೀಕರಣದ ನಂತರವೂ ಈ ಕವಲು ಕೂಡಲಿಲ್ಲ. ಮೂಲ ಮೋಜಣಿ ಮುಗಿದ ಊರುಗಳಲ್ಲಿ, ಸರ್ಕಾರ ಕಾಯ್ದಿರಿಸಿದವುಗಳನ್ನು ಬಿಟ್ಟು ಉಳಿದ ಮರಗಳ ಹಕ್ಕು ಹಿಡುವಳಿದಾರನಿಗೆ ಸೇರಿದ್ದು ಎನ್ನುತ್ತದೆ 1964ರ ಭೂಕಂದಾಯ ಕಾಯ್ದೆ. ಅದಕ್ಕೂ ಒಂದು ವರ್ಷ ಮುಂಚಿನ ಅರಣ್ಯ ಕಾಯ್ದೆಯ 80ನೇ ಕಲಂ ಬೇರೆಯದನ್ನೇ ಹೇಳುತ್ತದೆ: ಯಾವುದೇ ಅರಣ್ಯೋತ್ಪನ್ನದ ಒಡೆತನದ ಪ್ರಶ್ನೆ ಎದ್ದರೆ, ಅಲ್ಲವೆಂದು ಸಾಬೀತಾಗುವವರೆಗೆ ಅದು ಸರ್ಕಾರದ್ದೆಂದೇ ಭಾವಿಸತಕ್ಕದ್ದು. ಅಂದರೆ ಅಜ್ಜ ನೆಟ್ಟ ತೇಗ ತನ್ನದೆಂದು ರುಜುವಾತು ಮಾಡುವ ಹೊರೆ ಮೊಮ್ಮಗನದು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕಡಿಯುವುದಕ್ಕೂ ಅನುಮತಿ ಕಡ್ಡಾಯ ಮಾಡಿತು. ಅದೇ ಕಾಯ್ದೆ ಕೆಲವು ಜಾತಿಗಳನ್ನು ಮಾತ್ರ ಈ ಕಟ್ಟಿನಿಂದ ಬಿಟ್ಟಿತು: ತೆಂಗು, ರಬ್ಬರ್, ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ ಮೊದಲಾದವು. ಪಟ್ಟಿಯ ಬಹುಪಾಲು ಹೊರಗಿನಿಂದ ಬಂದ, ಬೇಗ ಬೆಳೆಯುವ ಮರಗಳೇ. ಸ್ವಾತಂತ್ರ್ಯ ಸಿಕ್ಕಿದ್ದು ಒಡೆಯನಿಗಲ್ಲ, ಮರದ ಜಾತಿಗೆ.

ಈ ವ್ಯತ್ಯಾಸ ಕೆಲಸದಲ್ಲಿ ಹೇಗೆ ಕಾಣುತ್ತದೆ ನೋಡಿ. ಬದುವಿನ ಬೀಟೆ ಮಾರಬೇಕಾದರೆ ಪಹಣಿ, ನಕ್ಷೆ ಲಗತ್ತಿಸಿ ವಲಯ ಅರಣ್ಯಾಧಿಕಾರಿಗೆ ಅರ್ಜಿ. ಜಮೀನು ಅರಣ್ಯದ ಗಡಿಗೆ ತಾಗಿದ್ದರೆ ಮರ ಗಡಿಯ ಈಚೆಗಿದೆಯೆಂದು ಅಳತೆ. ಆಮೇಲೆ ಎದೆಮಟ್ಟದಲ್ಲಿ ಸುತ್ತಳತೆ, ಮರಕ್ಕೆ ನಂಬರು. ಕಡಿದ ಮೇಲೆ ದಿಮ್ಮಿಗೆ ಸುತ್ತಿಗೆ ಗುರುತು, ಸಾಗಿಸಲು ರಹದಾರಿ. ಸಣ್ಣ ರೈತ ಇಷ್ಟೆಲ್ಲ ಓಡಾಡಲಾರ. ನಿಂತ ಮರವನ್ನೇ ವ್ಯಾಪಾರಿಗೆ ಒಟ್ಟು ಬೆಲೆಗೆ ಕೊಟ್ಟುಬಿಡುತ್ತಾನೆ. ಕಾಗದಪತ್ರದ ಖರ್ಚನ್ನು ವ್ಯಾಪಾರಿ ಬೆಲೆಯಲ್ಲೇ ಮುರಿದುಕೊಳ್ಳುತ್ತಾನೆ.

ಬ್ಯಾರನ್ನಿನ ಬೆಂಕಿ

ಈ ಸೀಮೆಯಲ್ಲಿ ಮರದ ಬೇಡಿಕೆಗೆ ಇನ್ನೊಂದು ಮೂಲವಿದೆ. ವರ್ಜೀನಿಯಾ ಹೊಗೆಸೊಪ್ಪಿಗೆ ರಾಜ್ಯದಲ್ಲಿ ಮುಖ್ಯ ನೆಲೆ ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳೇ. ಎಲೆಯನ್ನು ಬ್ಯಾರನ್ ಎಂಬ ಹದಮಾಡುವ ಕೋಣೆಯಲ್ಲಿ ದಿನಗಟ್ಟಲೆ ಸತತ ಕಾವಿನಲ್ಲಿ ಹದ ಮಾಡಬೇಕು. ಅದಕ್ಕೆ ಸೌದೆ ಬೇಕು. ರಕ್ಷಿತಾರಣ್ಯದಿಂದ ಸೌದೆ ತರುವುದು ಕಷ್ಟವಾದಷ್ಟೂ ಹೊಲದ ಅಂಚಿನ ನೀಲಗಿರಿ, ಸರ್ವೆಗೆ ಬೆಲೆ ಬಂತು. 1983ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಸಾಮಾಜಿಕ ಅರಣ್ಯ ಯೋಜನೆ ರಾಜ್ಯಾದ್ಯಂತ ಹಂಚಿದ ಸಸಿಗಳಲ್ಲೂ ನೀಲಗಿರಿಯದೇ ಮೇಲುಗೈ. ಕೊನೆಗೆ ಅಂತರ್ಜಲದ ಆತಂಕದಿಂದ 2017ರಲ್ಲಿ ಸರ್ಕಾರವೇ ಅದರ ಹೊಸ ನಾಟಿಯನ್ನು ನಿಷೇಧಿಸಬೇಕಾಯಿತು.

ಸಡಿಲಿಕೆ ಮತ್ತು ಬಿಗಿತ

ಇತ್ತೀಚಿನ ದಶಕಗಳಲ್ಲಿ ಗಾಳಿ ಎರಡೂ ಕಡೆ ಬೀಸಿದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅರಣ್ಯವೆಂದರೆ ನಿಘಂಟಿನ ಅರ್ಥದಲ್ಲಿ ಅರಣ್ಯ, ಒಡೆತನ ಯಾರದೇ ಇರಲಿ ಎಂದಿತು. 2012ರಲ್ಲಿ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿ ಕಾಡಂಚಿನ ಊರುಗಳ ಮೇಲೆ ಇನ್ನೊಂದು ಪದರ ನಿಯಮ ಬಿತ್ತು. ಇನ್ನೊಂದು ಕಡೆ ಅರಣ್ಯ ಕಾಯ್ದೆಯ 2001ರ ತಿದ್ದುಪಡಿ ಜಮೀನಿನ ಶ್ರೀಗಂಧದ ಒಡೆತನವನ್ನು ಹಿಡುವಳಿದಾರನಿಗೇ ಕೊಟ್ಟಿತು, ಮಾರಾಟದ ದಾರಿಯನ್ನು ಮಾತ್ರ ಸರ್ಕಾರದ ಕೈಯಲ್ಲೇ ಇಟ್ಟುಕೊಂಡಿತು. 2011-12ರಲ್ಲಿ ಬಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಬದುಕುಳಿದ ಪ್ರತಿ ಸಸಿಗೂ ರೈತನಿಗೆ ಹಣ ಕೊಡತೊಡಗಿತು.

ಕಾಡುಗಳ್ಳತನಕ್ಕೆ ಕಡಿವಾಣ ಬೇಕೆಂಬುದರಲ್ಲಿ ಅನುಮಾನವಿಲ್ಲ. ಎನ್. ಬೇಗೂರಿನಂಥ ಕಡೆ ಕಾಡಿನ ತೇಗ ಹೊಲದ ತೇಗವೆಂದು ಸಾಗಿಹೋಗುವ ಅಪಾಯ ನಿಜವಾದದ್ದೇ. ಆದರೆ ಆ ಅಪಾಯವನ್ನು ತಡೆಯಲೆಂದು ಮಾಡಿದ ಕಟ್ಟುಪಾಡು ನಾಡಮರಗಳನ್ನು ಹೊಲದಿಂದ ದೂರವಿಟ್ಟಿತು. ನಾಳೆ ತೊಡಕಾಗಬಹುದಾದ ಬೀಟೆಯ ಸಸಿಯನ್ನು ಯಾವ ರೈತನೂ ಅಕ್ಕರೆಯಿಂದ ಬೆಳೆಸಲಾರ. ಮರ ನೆಟ್ಟ ಕಾಲದಲ್ಲೇ ಒಡೆತನ ದಾಖಲಾದರೆ ಕಡಿಯುವ ಕಾಲದ ಅರ್ಧ ಜಗಳ ಉಳಿಯುವುದಿಲ್ಲ. ಪಹಣಿಯಲ್ಲಿ ಮರಗಳಿಗೆಂದೇ ಒಂದು ಕಲಂ ಇದೆ. ಅದನ್ನು ಪ್ರತಿ ವರ್ಷ ಸರಿಯಾಗಿ ತುಂಬುವುದನ್ನು ಕಂದಾಯ ಇಲಾಖೆ ಕಡ್ಡಾಯ ಮಾಡಲಿ. ಅದನ್ನೇ ಮೊದಲ ಪುರಾವೆಯೆಂದು ಅರಣ್ಯ ಇಲಾಖೆ ಒಪ್ಪಲಿ.