ವಿದ್ಯುತ್ ಕಂಪನ ಚಿಕಿತ್ಸೆಯೂ ಶುಶ್ರೂಷೆಯ ಧರ್ಮವೂ

ತತ್ತ್ವಾರ್ಥಸೂತ್ರವು ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವನ್ನು ಎಣಿಸಿ, ಆ ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ರನ್ನು, ಅಂದರೆ ರೋಗದಿಂದ ಬಳಲಿದವರನ್ನು ಹೆಸರಿಸಿದೆ. ಅಲ್ಲಿನ ಮಾತು ಮುನಿಸಂಘವನ್ನು ಕುರಿತದ್ದಾದರೂ ಶ್ರಾವಕರಾದ ನಮಗೂ ಅದರಲ್ಲಿ ಪಾಠವಿದೆ. ಜ್ವರಪೀಡಿತರನ್ನು ಆದರದಿಂದ ಉಪಚರಿಸುವ ನಾವು, ಮನೋವ್ಯಾಧಿಗೆ ಒಳಗಾದವರನ್ನು ನೆಂಟರಿಷ್ಟರ ಕಣ್ಣಿಗೆ ಬೀಳದಂತೆ ಒಳಕೋಣೆಯಲ್ಲಿ ಇರಿಸುತ್ತೇವೆ. ವೈದ್ಯರು ‘ಕರೆಂಟು’ ಕೊಡಬೇಕೆಂದರಂತೂ ಮನೆಮಂದಿಯೆಲ್ಲ ನಡುಗುತ್ತಾರೆ. ಈ ಭಯವು ಅಕಾರಣವಾದುದಲ್ಲ, ಅದಕ್ಕೊಂದು ಇತಿಹಾಸವಿದೆ.

1938ರಲ್ಲಿ ರೋಮ್ ನಗರದಲ್ಲಿ ಉಗೊ ಚೆರ್ಲೆಟ್ಟಿ ಮತ್ತು ಲುಚಿಯೊ ಬಿನಿ ಎಂಬ ವೈದ್ಯರು ಈ ಚಿಕಿತ್ಸೆಯನ್ನು ಆರಂಭಿಸಿದರು. ಆಗ ಅರಿವಳಿಕೆ ಕೊಡುತ್ತಿರಲಿಲ್ಲ. ಸೆಳವಿನ ರಭಸಕ್ಕೆ ಕೆಲವರ ಬೆನ್ನೆಲುಬು ಮುರಿಯುತ್ತಿತ್ತು. 1950ರ ದಶಕದಿಂದ ಅರಿವಳಿಕೆಯೊಡನೆ ಸ್ನಾಯುಗಳನ್ನು ಸಡಿಲಿಸುವ ಔಷಧಿಯೂ ಬಳಕೆಗೆ ಬಂದಿತು. ಆದರೆ ನಮ್ಮ ದೇಶದ ಅನೇಕ ಕಡೆ, ಅರಿವಳಿಕೆ ತಜ್ಞರ ಅಭಾವದಿಂದ, ಹಳೆಯ ಪದ್ಧತಿಯೇ ದಶಕಗಳ ಕಾಲ ಉಳಿಯಿತು.

ನಾನು ಬಾಲಕನಾಗಿದ್ದಾಗ ನಮ್ಮ ಬಂಧುವೊಬ್ಬರನ್ನು ಚನ್ನಪಟ್ಟಣದಿಂದ ದೂರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದರು. ನಾಲ್ವರು ಅವರನ್ನು ಅದುಮಿ ಹಿಡಿದರು. ಚಿಕಿತ್ಸೆಯ ನಂತರ ಅವರು ಹೆತ್ತ ತಾಯಿಯನ್ನೇ ಗುರುತಿಸಲಿಲ್ಲ. ಈ ಮಂಕು ಸ್ವಲ್ಪ ಹೊತ್ತಿನಲ್ಲಿ ಕಳೆಯುತ್ತದೆಂಬ ಒಂದು ಮಾತನ್ನು ಆ ತಾಯಿಗೆ ಯಾರೂ ಹೇಳಲಿಲ್ಲ. ಮಗ ಕೈತಪ್ಪಿದನೆಂದು ಆಕೆ ಗೋಳಾಡಿದರು. ಸಂಜೆಗೆ ಅವರು ತಾಯಿಯನ್ನು ಗುರುತಿಸಿದರೂ ಮನೆಯವರು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಅವರ ಬಾಳು ಒಳಕೋಣೆಯಲ್ಲಿಯೇ ಸವೆಯಿತು.

ಆ ಒಂದು ಮಾತನ್ನು ಹೇಳುವುದೂ ಶುಶ್ರೂಷೆಯೇ, ಅದನ್ನು ಕಲಿಸಬೇಕಾಗುತ್ತದೆ. ಈ ದಿಸೆಯಲ್ಲಿ ಬೆಂಗಳೂರಿನ ಕಾರ್ಯ ಸ್ಮರಣೀಯ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಗೊಂಡು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರಾದರು. ಅದೇ ದಶಕದಲ್ಲಿ ದಾದಿಯರಿಗೆ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಶಿಕ್ಷಣವೂ ಮೊದಲಾಯಿತು. 1974ರಲ್ಲಿ ಆ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ‘ನಿಮ್ಹಾನ್ಸ್’ ಆಯಿತು.

ಇಂದು ಚಿಕಿತ್ಸೆಯ ಸಮಯ ಕೆಲವೇ ನಿಮಿಷ; ಶುಶ್ರೂಷೆಯ ಸಮಯ ಅದಕ್ಕಿಂತ ದೀರ್ಘ. ರೋಗಿಯು ಉಪವಾಸವಿರುವಂತೆ ನೋಡಿಕೊಳ್ಳುವುದು, ಕಟ್ಟಿಸಿಕೊಂಡ ಹಲ್ಲುಗಳನ್ನು ತೆಗೆಸುವುದು, ಭಯಪಟ್ಟವರ ಕೈಹಿಡಿದು ಧೈರ್ಯ ಹೇಳುವುದು ದಾದಿಯ ಕೆಲಸ. ಚಿಕಿತ್ಸೆಯ ತರುವಾಯ ಮಗ್ಗುಲಿಗೆ ಮಲಗಿಸಿ ಉಸಿರು, ನಾಡಿ, ರಕ್ತದೊತ್ತಡಗಳನ್ನು ಗಮನಿಸುತ್ತಾರೆ. ಎಚ್ಚರವಾದಾಗ ಹೆಸರು ಹಿಡಿದು ಕರೆದು, ಇದು ಯಾವ ಸ್ಥಳ, ಏನು ನಡೆಯಿತು ಎಂದು ಬೇಸರವಿಲ್ಲದೆ ಮತ್ತೆ ಮತ್ತೆ ತಿಳಿಸುತ್ತಾರೆ. ಚಿಕಿತ್ಸೆಯ ಆಸುಪಾಸಿನ ದಿನಗಳ ನೆನಪು ಕೆಲವರಿಗೆ ಮರಳದಿರಬಹುದು. ಅದನ್ನು ಮುಚ್ಚಿಡದೆ ಮೊದಲೇ ಹೇಳುವುದು ಸತ್ಯಧರ್ಮ. ತೀವ್ರ ಖಿನ್ನತೆಯಿಂದ ಅನ್ನನೀರು ಬಿಟ್ಟವರು, ಆತ್ಮಹತ್ಯೆಗೆ ಎಳಸಿದವರು ಇದರಿಂದ ಬದುಕುಳಿದಿರುವುದೂ ಅಷ್ಟೇ ಸತ್ಯ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿಗಳಿಲ್ಲದೆ ಈ ಚಿಕಿತ್ಸೆ ನೀಡುವುದನ್ನು ನಿಷೇಧಿಸಿತು. ಅಪ್ರಾಪ್ತ ವಯಸ್ಕರಿಗೆ ನೀಡಬೇಕಾದರೆ ಪೋಷಕರ ಒಪ್ಪಿಗೆಯೂ ಮಂಡಳಿಯ ಪೂರ್ವಾನುಮತಿಯೂ ಬೇಕು. ಹೀಗೆ, ಚಿಕಿತ್ಸೆಯೊಳಗೆ ಸೇರಿಕೊಂಡಿದ್ದ ಹಿಂಸೆಯನ್ನು ವಿಜ್ಞಾನವೂ ಕಾನೂನೂ ಕಳೆಯುತ್ತ ಬಂದಿವೆ. ಉಳಿದಿರುವುದು ನಮ್ಮ ಪಾಲಿನ ಕೆಲಸ.

ಚನ್ನಪಟ್ಟಣದಿಂದ ಬೆಂಗಳೂರು ಸುಮಾರು 60 ಕಿಲೋಮೀಟರ್. ಈ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲದಂತೆ ಕೆಲವು ವಾರ ಕೊಡಬೇಕಾಗುವುದರಿಂದ, ಜೊತೆಯಲ್ಲಿ ನಿಲ್ಲುವವರಿಗೆ ವಸತಿ, ಊಟ, ದಾರಿಖರ್ಚು ಬೇಕು. ನಮ್ಮ ಬಸದಿ, ಮಂದಿರಗಳ ಟ್ರಸ್ಟುಗಳು ಔಷಧದಾನದ ನಿಧಿಯಿಂದ ಇದಕ್ಕೊಂದು ಪಾಲನ್ನು ಮೀಸಲಿಡಬಾರದೇಕೆ? ನೆರವು ಪಡೆದವರ ಹೆಸರನ್ನು ವರದಿಯಲ್ಲಿ ಅಚ್ಚು ಹಾಕಿಸದಿದ್ದರೆ, ಒಳಕೋಣೆಯ ಬಾಗಿಲು ತೆರೆಯಲು ಆ ಮನೆಯವರಿಗೆ ಧೈರ್ಯ ಬಂದೀತು.